ದೋಣಿಗೊಂದು ಡೆಕ್ ಹಾಕಿಸಿ

ಶಿವಮೊಗ್ಗ ಜಿಲ್ಲೆಗೆ ಸಮುದ್ರವಿಲ್ಲ, ಬಂದರಿಲ್ಲ. ಕಡಲ್ಗಳ್ಳರಂತೂ ಇಲ್ಲವೇ ಇಲ್ಲ, ಇರುವವರೆಲ್ಲ ಅಡಿಕೆ ಕಳ್ಳರು. ಆದರೂ ಮಳೆ ಬಿಡದ ಒಂದು ಮಧ್ಯಾಹ್ನ ನಮ್ಮನೆ ಜಗುಲಿಯಲ್ಲಿ, ಹಡಗು ಹಾಳು ಮಾಡುವ ಅಪರಾಧದ ಬಗ್ಗೆ ಎರಡು ತಾಸು ಚರ್ಚೆ ನಡೆಯಿತು.

ಕಾರಣ ನಮ್ಮ ಭಾವ. ಸಾಗರ ಪೇಟೆಯಲ್ಲಿ ವಕೀಲರು. 2024ರ ಜುಲೈ 1ಕ್ಕೆ ಹಳೇ ದಂಡ ಸಂಹಿತೆ (ಐಪಿಸಿ) ಹೋಗಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗಿನಿಂದ ಅವರಿಗೆ ನಿದ್ದೆ ಸರಿಯಿಲ್ಲ. ಬಾಯಿಪಾಠವಾಗಿದ್ದ ಸೆಕ್ಷನ್ ನಂಬರುಗಳೆಲ್ಲ ಅದಲುಬದಲು. ಕೊಲೆಯ 302 ಈಗ 103. ಮೋಸದ 420 ಈಗ 318. ಪೇಟೆಯಲ್ಲಿ ಯಾರನ್ನಾದರೂ '318' ಎಂದು ಬೈದು ನೋಡಿ, ಬಸ್ ನಂಬರು ಅಂದುಕೊಳ್ಳುತ್ತಾನೆ.

"ಹಡಗಿಂದು 437 ಇತ್ತು, ಈಗ 327" ಎಂದರು ಭಾವ. ಡೆಕ್ ಇರುವ ಹಡಗು, ಇಲ್ಲವೇ 20 ಟನ್ ಅಥವಾ ಅದಕ್ಕಿಂತ ಜಾಸ್ತಿ ಹೊರುವ ಹಡಗು. ಅದನ್ನು ನಾಶ ಮಾಡಬೇಕು, ಅಪಾಯಕ್ಕೆ ಒಡ್ಡಬೇಕು ಅಂತಲೇ ಕೆಡಿಸಿದರೆ 10 ವರ್ಷದವರೆಗೆ ಜೈಲು, ಮೇಲೆ ದಂಡ. ಬೆಂಕಿಯೋ ಸ್ಫೋಟಕವೋ ಬಳಸಿದರೆ ಜೀವಾವಧಿಯೂ ಆಗಬಹುದು. 1860ರ ಹಳೇ ಕಾನೂನಿನಲ್ಲೂ ಹೆಚ್ಚುಕಡಿಮೆ ಇದೇ ಇತ್ತು.

"ಮತ್ತೆ ಹೊಸದೇನು?"

"ರೈಲು, ವಿಮಾನ ಸೇರಿಸಿದ್ದಾರೆ."

ಕೇಳಿ ಹೆಮ್ಮೆಯಾಯಿತು. ತಾಳಗುಪ್ಪಕ್ಕೆ ರೈಲಿದೆ. ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣವಿದೆ. ಶರಾವತಿ ಹಿನ್ನೀರಿನಲ್ಲಿ ಜನ, ವಾಹನ ದಾಟಿಸುವ ಲಾಂಚು ಊರಿಗೇ ಗೊತ್ತು. ಇಡೀ ಸೆಕ್ಷನ್ನೇ ನಮ್ಮ ಜಿಲ್ಲೆಯಲ್ಲಿದೆ! ಇಲ್ಲದ್ದು ಒಂದೇ, ನಾವು ದಿನಾ ಜೋತುಬಿದ್ದು ಹೋಗುವ ಬಸ್ಸು.

"ಸರ್ಕಾರಿ ಬಸ್ಸಾದರೆ ಸಾರ್ವಜನಿಕ ಆಸ್ತಿಗೆ 1984ರ ಬೇರೆ ಕಾಯ್ದೆ ಇದೆ ಮಾರಾಯ" ಎಂದರು ಭಾವ. ಮಲೆನಾಡಿನಲ್ಲಿ ಓಡುವುದೆಲ್ಲ ಜಾಸ್ತಿ ಖಾಸಗಿ ಬಸ್ಸು ಅಂತ ನಾನು ಹೇಳಲಿಲ್ಲ. "ರಸ್ತೆ ಹೊಂಡ ಬಸ್ಸಿನ ಆಕ್ಸಲ್ ಮುರಿದರೆ?" ಎಂದಷ್ಟೇ ಕೇಳಿದೆ.

"ಹೊಂಡಕ್ಕೆ ದುರುದ್ದೇಶ ಇರಬೇಕಲ್ಲ!"

ಅಷ್ಟು ಹೊತ್ತು ಸುಮ್ನೆ ಎಲೆಗೆ ಸುಣ್ಣ ಸವರುತ್ತಿದ್ದ ಪಕ್ಕದ ಮನೆ ಅಜ್ಜ ತಲೆ ಎತ್ತಿದರು. ಮುಳುಗಡೆಯವರು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಇವರ ಗದ್ದೆ, ತೋಟ, ದೇವಸ್ಥಾನ ಎಲ್ಲ ನೀರಿನಡಿ ಹೋಯಿತು. "ಅದಕ್ಕೆ ಯಾವ ಸೆಕ್ಷನ್ನು?" ಎಂದರು.

"ಅದು ಅಭಿವೃದ್ಧಿ ಅಜ್ಜ."

"ಸರಿ, ಹಡಗಿಗೇ ಬಾ. ದಡ ಹತ್ತಿಸುವುದಕ್ಕೂ ಏನೋ ಇದೆ ಅಂದೆಯಲ್ಲ?"

"328. ಕಳ್ಳತನ ಮಾಡಲಿಕ್ಕೆ ಅಂತ ಹಡಗನ್ನು ಬೇಕಂತಲೇ ದಡ ಹತ್ತಿಸಿದರೆ ಅದಕ್ಕೂ 10 ವರ್ಷದವರೆಗೆ."

"ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಲಾಂಚಿಗೆ ನೀರು ಸಾಲದೆ ವಾಹನ ಬಿಡುತ್ತಿರಲಿಲ್ಲ. ನಮ್ಮ ನೀರು ಎಲ್ಲಿ ಹೋಯಿತು? ಕರೆಂಟಾಗಿ ತಂತಿ ಮೇಲೆ ಊರು ಬಿಟ್ಟಿತು. ಇದು ಕಳ್ಳತನ ಅಲ್ವಾ?"

ಭಾವ ಪುಸ್ತಕ ತೆರೆದು ಬೆರಳಿಟ್ಟು ನೋಡಿದರು. "ಇಲ್ಲ ಅಜ್ಜ. ಹಡಗಿನ ಒಳಗಿರುವ ಮಾಲು ಕದಿಯಬೇಕು. ಕೆಳಗಿರುವ ನೀರು ಕದ್ದರೆ ಬರುವುದಿಲ್ಲ."

ಈಗ ಹಿನ್ನೀರಿಗೆ ಸೇತುವೆ ಬಂದಿದೆ ಬಿಡಿ. 2025ರ ಜುಲೈ 14ಕ್ಕೆ ಉದ್ಘಾಟನೆಯಾಯಿತು, ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಮ್ಮಿ ಉದ್ದ. ಊರು ಮುಳುಗಿ 60 ವರ್ಷದ ಮೇಲೆ. ಇಷ್ಟು ತಡ ಮಾಡಿದ್ದರಲ್ಲೂ ಯಾರಿಗೂ ದುರುದ್ದೇಶ ಇರಲಿಲ್ಲ.

ಅಜ್ಜನ ಚಿಂತೆ ಬೇರೆ ಇತ್ತು. ಅವರದ್ದೊಂದು ಸಣ್ಣ ದೋಣಿ. ಯಾರೋ ರಾತ್ರಿ ತೂತು ಕೊರೆದು ಹೋಗಿದ್ದರು.

"ಅವನಿಗೆಷ್ಟು?"

"324. ಸಣ್ಣ ಹಾನಿಗೆ ಹೆಚ್ಚೆಂದರೆ ಆರು ತಿಂಗಳು. ಬರೀ ದಂಡದಲ್ಲೂ ಮುಗಿಯಬಹುದು. 20 ಟನ್ ಅಂದರೆ 200 ಕ್ವಿಂಟಾಲ್ ಅಡಿಕೆ ಅಜ್ಜ. ನಿಮ್ಮ ದೋಣಿ ಎರಡು ಮೂಟೆ ಹೊತ್ತರೆ ಹೆಚ್ಚು."

"ಡೆಕ್ ಇದ್ದರೆ?"

"ಇದ್ದರೆ ಟನ್ ಲೆಕ್ಕ ಕೇಳುವುದಿಲ್ಲ. ಡೆಕ್ *ಅಥವಾ* 20 ಟನ್ ಅಂತಿದೆ."

"ಡೆಕ್ ಅಂದರೆ?"

ಭಾವ ಅನುಮಾನದಲ್ಲೇ ಹೇಳಿದರು: "ಮೇಲೆ ಹಲಗೆ ಹೊದಿಸಿದ್ದು."

ಅಜ್ಜ ಎಲೆ ಬಾಯಿಗಿಟ್ಟು ಕೊಡೆ ಬಿಚ್ಚಿಕೊಂಡು ಹೊರಟೇಬಿಟ್ಟರು. ಸಂಜೆ ಹೊತ್ತಿಗೆ ಆಚೆ ಮನೆಯ ಕೊಟ್ಟಿಗೆಯಿಂದ ಸುತ್ತಿಗೆ ಸದ್ದು ಕೇಳತೊಡಗಿತು. ನಮ್ಮ ಅಟ್ಟದ ಎರಡು ಹಲಸಿನ ಹಲಗೆಯೂ ಕಾಣುತ್ತಿಲ್ಲ.