17ರ ಪ್ರೀತಿಗೆ 20 ವರ್ಷ ಜೈಲು ಆಗಬಹುದು ಅಂತ ಮಕ್ಕಳಿಗೆ ಹೇಳಿದ್ದೀರಾ?

ಹುಡುಗಿಗೆ 17, ಹುಡುಗನಿಗೆ 19. ಇಬ್ಬರೂ ಮನೆ ಬಿಟ್ಟು ಹೋಗುತ್ತಾರೆ, ಹುಡುಗಿಯ ಅಪ್ಪ ಸ್ಟೇಷನ್‌ಗೆ ಓಡುತ್ತಾರೆ. ಮಗಳು ವಾಪಸ್ ಬರಬೇಕು, ಆ ಹುಡುಗ ಹೆದರಿ ದೂರ ಆಗಬೇಕು, ಅವರಿಗೆ ಬೇಕಿರುವುದು ಅಷ್ಟೇ. ಮೊದಲು ಅಪಹರಣದ ಕೇಸ್ ಆಗುತ್ತದೆ. ಮಗಳು ಸಿಕ್ಕಿ, ಮೆಡಿಕಲ್ ಪರೀಕ್ಷೆ ಆಗಿ, ಹೇಳಿಕೆ ಬರೆದುಕೊಂಡ ಮೇಲೆ ಅದಕ್ಕೆ ಪೋಕ್ಸೊ, ಅಂದರೆ 18 ತುಂಬದ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಕಾಯ್ದೆ, ಸೇರಿಕೊಳ್ಳುತ್ತದೆ. ಅಲ್ಲಿಂದಾಚೆ ಕೇಸ್ ನಡೆಸುವುದು ಸರ್ಕಾರ.

ಕೋರ್ಟಿನ ಕೆಲಸದಲ್ಲಿ ಇರುವುದರಿಂದ ಇದನ್ನು ಮತ್ತೆ ಮತ್ತೆ ನೋಡುತ್ತೇನೆ. ಒಬ್ಬ ತಂದೆ ಕೋರ್ಟ್ ಹಾಲ್ ಹೊರಗೆ ನನ್ನ ಕೈ ಹಿಡಿದುಕೊಂಡು "ಸರ್, ನಾನೇ ಕೊಟ್ಟ ಕಂಪ್ಲೇಂಟ್ ಅಲ್ವಾ, ನಾನೇ ವಾಪಸ್ ತಗೋತೀನಿ ಬಿಡಿ" ಅಂದರು. ಅಷ್ಟು ಹೊತ್ತಿಗೆ ಮಗಳಿಗೆ 18 ತುಂಬಿ, ಅದೇ ಹುಡುಗನ ಜೊತೆ ಮದುವೆಯಾಗಿ, ಅವಳ ಕಂಕುಳಲ್ಲಿ ಮಗು ಇತ್ತು. ಕೇಸ್ ಇನ್ನಷ್ಟು ಬಿಗಿಯಾಗಿದ್ದು ಆ ಮಗುವಿನಿಂದಲೇ. 18 ತುಂಬುವ ಮೊದಲು ಹುಡುಗಿ ಗರ್ಭಿಣಿಯಾದರೆ ಪೋಕ್ಸೊದಲ್ಲಿ ಅದು ಹೆಚ್ಚು ಗಂಭೀರ ಅಪರಾಧ. 2019ರ ತಿದ್ದುಪಡಿ ಆದಮೇಲೆ ಅದಕ್ಕೆ ಕನಿಷ್ಠ ಶಿಕ್ಷೆಯೇ 20 ವರ್ಷ. ಸಾಬೀತಾದರೆ ಅದಕ್ಕಿಂತ ಕಮ್ಮಿ ಕೊಡಲು ವಿಚಾರಣೆ ನಡೆಸುವ ಜಡ್ಜ್‌ಗೂ ಆಗುವುದಿಲ್ಲ. ಹೈಕೋರ್ಟ್‌ಗಳು ಇಂಥ ಕೆಲವು ಕೇಸ್ ರದ್ದು ಮಾಡಿದ್ದಿದೆ, ಆದರೆ ಎಲ್ಲರಿಗೂ ಹಾಗೇ ಆಗುತ್ತದೆ ಅಂತ ನಂಬಿಕೊಂಡು ಕೂರೋಕಾಗಲ್ಲ.

"ನಾನೇ ಇಷ್ಟಪಟ್ಟು ಹೋಗಿದ್ದು" ಅಂತ ಹುಡುಗಿ ಹೇಳಿಬಿಟ್ಟರೆ ಮುಗೀತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. 2012ರಲ್ಲಿ ಪೋಕ್ಸೊ ಬಂದ ಮೇಲೆ 18 ತುಂಬದವರ ಒಪ್ಪಿಗೆಗೆ ಲೆಕ್ಕವೇ ಇಲ್ಲ. ಅಪ್ಪ ಕಂಪ್ಲೇಂಟ್ ಕೊಡದೆ ಸುಮ್ಮನಿದ್ದರೂ ಅಷ್ಟೇ. ಹೊಟ್ಟೆನೋವು ಅಂತ ಆಸ್ಪತ್ರೆಗೆ ಹೋದ ಹುಡುಗಿ ಗರ್ಭಿಣಿ ಅಂತ ಗೊತ್ತಾದರೆ ಡಾಕ್ಟರ್ ಪೊಲೀಸರಿಗೆ ತಿಳಿಸಲೇಬೇಕು. ಹುಡುಗನಿಗೂ 18 ಆಗಿಲ್ಲದಿದ್ದರೆ ಕೇಸ್ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ, 16 ದಾಟಿದ್ದರೆ ದೊಡ್ಡವರ ಹಾಗೇ ವಿಚಾರಣೆ ಮಾಡುವ ದಾರಿಯೂ 2015ರ ಬಾಲ ನ್ಯಾಯ ಕಾಯ್ದೆಯಲ್ಲಿದೆ.

ಇದನ್ನೆಲ್ಲ ಪಿಯುಸಿ ಹುಡುಗರಿಗೆ ಯಾರು ಹೇಳುತ್ತಾರೆ ಹೇಳಿ? ಮನೆಯಲ್ಲಿ "ಓದಿನ ಕಡೆ ಗಮನ ಕೊಡು" ಅಂತಾರೆ, ಕಾಲೇಜಿನಲ್ಲಿ ಈ ಮಾತೇ ಎತ್ತುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ಪ್ರೀತಿಸಬೇಡ ಅಂತ ಹೆದರಿಸಿದರೆ ಮಕ್ಕಳು ಮುಚ್ಚಿಡುತ್ತಾರೆ. ಕಾನೂನು ಹೀಗಿದೆ, 18ರವರೆಗೆ ತಡೆದುಕೊಳ್ಳಿ, ಮನೆ ಬಿಟ್ಟು ಹೋಗಬೇಡಿ ಅಂತ ನೇರವಾಗಿ ಹೇಳಿದರೆ ಕೇಳಿಸಿಕೊಳ್ಳುತ್ತಾರೆ.

ಒಪ್ಪಿಗೆಯ ವಯಸ್ಸನ್ನು ಇಳಿಸಿ ಅಂತ ನಾನು ಹೇಳುತ್ತಿಲ್ಲ. 2023ರಲ್ಲಿ ಕಾನೂನು ಆಯೋಗ ವಯಸ್ಸು ಇಳಿಸುವುದು ಬೇಡ, 16ರಿಂದ 18ರ ನಡುವಿನವರು ಇಷ್ಟಪಟ್ಟಿದ್ದ ಕೇಸುಗಳಲ್ಲಿ ಶಿಕ್ಷೆ ತೀರ್ಮಾನಿಸಲು ಜಡ್ಜ್‌ಗೆ ಸ್ವಲ್ಪ ಅವಕಾಶ ಕೊಡಿ ಅಂದಿತ್ತು. ನನಗೆ ಅದೇ ಸರಿ ಅನಿಸುತ್ತದೆ.

ಕೇಸ್ ಅಂಟಿಕೊಂಡ ಮೇಲೆ ಹುಡುಗನ ಪಾಡು ಬೇರೆಯೇ. ವಿಚಾರಣೆ ಮುಗಿಯುವ ತನಕ ಪಾಸ್‌ಪೋರ್ಟ್‌ಗೆ ಕೋರ್ಟಿನ ಅನುಮತಿ ತರಬೇಕು. ಸರ್ಕಾರಿ ಕೆಲಸದ ಫಾರಂನಲ್ಲಿ ಕೇಸ್ ಇದೆಯಾ ಅಂತ ಕೇಳಿದಾಗ ಮುಚ್ಚಿಟ್ಟರೆ, ಮುಚ್ಚಿಟ್ಟ ಕಾರಣಕ್ಕೇ ಕೆಲಸ ಹೋಗಬಹುದು. ಖುಲಾಸೆ ಆಗಿದ್ದರೂ ಮದುವೆ ಮಾತು ಬಂದಾಗ "ಅವನ ಮೇಲೆ ಪೋಕ್ಸೊ ಇತ್ತಂತೆ" ಅನ್ನುವ ಒಂದು ಮಾತು ಸಾಕು.

ಹಾಗಾಗಿ, ನೀವು ಇಷ್ಟಪಟ್ಟವರ ಮೇಲೆ ಕೇಸ್ ಇತ್ತು ಅಂತ ಗೊತ್ತಾದರೆ ಅವರಿವರ ಮಾತು ಕೇಳಬೇಡಿ. ಎಫ್‌ಐಆರ್, ತೀರ್ಪು ಎರಡನ್ನೂ ಕೇಳಿ ತೆಗೆದುಕೊಂಡು ಓದಿ. ಕೊಡೋಕೆ ಹಿಂದೆಮುಂದೆ ನೋಡಿದರೆ ಅದನ್ನೂ ಗಮನಿಸಿ. ಅವನಿಗೆ 19, ಅವಳಿಗೆ 17, ಕಂಪ್ಲೇಂಟ್ ಅವಳ ಅಪ್ಪನದು, ಅವಳ ಹೇಳಿಕೆ ಅವನ ಪರವಾಗಿದೆ ಅಂದರೆ ಕೂತು ಮಾತಾಡಿ. ಅವನಿಗೆ 35, ಅವಳಿಗೆ 14 ಅಂತಿದ್ದರೆ, ಇಲ್ಲವೇ ಅದೇ ಥರದ ಇನ್ನೊಂದು ಕೇಸ್ ಕೂಡ ಇದ್ದರೆ, ಅವನು ಎಷ್ಟೇ ಅತ್ತು ಕರೆದರೂ ಅಲ್ಲಿಂದ ಎದ್ದು ಬನ್ನಿ.