ಕೋರ್ಟ್ ಮೆಟ್ಟಿಲು ಹತ್ತಿದರೆ ಮಾನ ಹೋಗುವುದಿಲ್ಲ

ಭಾನುವಾರದಿಂದ ತಲೆ ಕೆಟ್ಟು ಕೂತಿದ್ದೇನೆ. ಇದು ಉದ್ದ ಬರಹ. ಪುರುಸೊತ್ತಿದ್ದವರು ಓದಿ.

ಇಲ್ಲಿ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ಒಬ್ಬರ ಮನೆಯಲ್ಲಿ ಊಟವಿತ್ತು. ಬಿಸಿಬೇಳೆ ಬಾತ್ ಚೆನ್ನಾಗಿತ್ತು, ಅದರ ಬಗ್ಗೆ ತಕರಾರಿಲ್ಲ. ಅಲ್ಲಿಗೆ ಒಂದು ಹೊಸ ಜೋಡಿ ಬಂದಿತ್ತು. ಬಾಡಿಗೆ ಮನೆ ಖಾಲಿ ಮಾಡಿ ಮೂರು ತಿಂಗಳಾದರೂ ಮಾಲೀಕ ಡಿಪಾಸಿಟ್ ವಾಪಸ್ ಕೊಟ್ಟಿಲ್ಲವಂತೆ. ಮೂರು ಸಾವಿರ ಚಿಲ್ಲರೆ ಡಾಲರ್. ಕಾರ್ಪೆಟ್ ಹಾಳಾಗಿದೆ, ಗೋಡೆಗೆ ಬಣ್ಣ ಹೊಡೆಸಬೇಕು ಅಂತ ಒಂದು ಮೆಸೇಜ್ ಹಾಕಿ ಸುಮ್ಮನಾಗಿದ್ದಾನೆ. ಬಿಲ್ಲಿಲ್ಲ, ಲೆಕ್ಕವಿಲ್ಲ. "ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ಹಾಕೋಣ ಅಂತಿದೀನಿ" ಅಂದ ಆ ಹುಡುಗ. ಸಣ್ಣ ಮೊತ್ತದ ದುಡ್ಡಿನ ಜಗಳ ತೀರಿಸುವ ಕೋರ್ಟು ಅದು. ಅಷ್ಟೇ. ಕೂತಿದ್ದವರೆಲ್ಲ ಒಟ್ಟಿಗೆ ಅವನ ಮೇಲೆ ಬಿದ್ದರು. "ಬಿಡಿ ಮಾರಾಯ್ರೆ, ಕೋರ್ಟು ಕಚೇರಿ ಎಲ್ಲ ಯಾಕೆ?" "ವೀಸಾ ಮೇಲೆ ಇದ್ದೀರ, ಸುಮ್ನೆ ಯಾಕೆ ತಲೆನೋವು?" "ಲಾಯರ್‌ಗೆ ಸುರಿಯೋ ದುಡ್ಡಲ್ಲಿ ಇನ್ನೊಂದು ಡಿಪಾಸಿಟ್ ಕಟ್ಟಬಹುದು." ಕೊನೆಗೆ ಒಬ್ಬ ಹಿರಿಯರು ಕೈ ತೊಳೆದುಕೊಂಡು ಬಂದು, "ಗೆದ್ದವ ಸೋತ, ಸೋತವ ಸತ್ತ" ಅಂತ ತೀರ್ಪು ಕೊಟ್ಟರು. ಎಲ್ಲರೂ ತಲೆಯಾಡಿಸಿದರು. ಮೇಲ್ಮನವಿ ಇಲ್ಲ!

ಇವರೆಲ್ಲ ಎಂಥವರು ಅಂದರೆ, ಕೊತ್ತಂಬರಿ ಸೊಪ್ಪಿಗೆ ಒಂದು ಸಲ ಜಾಸ್ತಿ ಬಿಲ್ ಹಾಕಿದರೆ ಪಾರ್ಕಿಂಗ್ ಲಾಟಿನಿಂದ ವಾಪಸ್ ಹೋಗಿ ಕೇಳುವವರು. ಮೂರು ಸಾವಿರ ಡಾಲರ್ ಮಾತ್ರ "ಹೋಗಲಿ ಬಿಡಿ".

ಲಾಯರ್ ವಿಷಯ ಮೊದಲು. ಕ್ಯಾಲಿಫೋರ್ನಿಯಾದ ಸ್ಮಾಲ್ ಕ್ಲೇಮ್ಸ್‌ನಲ್ಲಿ ವಕೀಲರು ನಿಮ್ಮ ಪರ ನಿಂತು ವಾದ ಮಾಡುವ ಹಾಗೇ ಇಲ್ಲ. ಮಾಲೀಕನ ಪರವೂ ಇಲ್ಲ. ಅವನೂ ನಿಮ್ಮ ಹಾಗೇ ಕಾಗದ ಹಿಡಿದುಕೊಂಡು ನಿಲ್ಲಬೇಕು. 2024ರಿಂದ ಒಬ್ಬ ವ್ಯಕ್ತಿ 12,500 ಡಾಲರ್‌ವರೆಗೆ ಇಲ್ಲಿ ಕೇಳಬಹುದು. ಫೀಸು ಎಷ್ಟು ಗೊತ್ತಾ? 1,500 ಡಾಲರ್‌ವರೆಗಿನ ಕೇಸಿಗೆ 30, 5,000ದವರೆಗೆ 50, ಅದಕ್ಕೂ ಜಾಸ್ತಿಯಾದರೆ 75. ಗೆದ್ದರೆ ಈ ಖರ್ಚನ್ನೂ ಎದುರಿನವನಿಂದ ಕೇಳಬಹುದು. ಅಷ್ಟೂ ಕೊಡಲು ಆಗದಿದ್ದರೆ ಮಾಫಿ ಕೇಳುವ ಫಾರಂ ಬೇರೆ ಇದೆ, ಎಫ್‌ಡಬ್ಲ್ಯು-001.

ದಾವೆ ಹಾಕುವ ಫಾರಂ ಎಸ್‌ಸಿ-100. ನಿಮ್ಮ ಹೆಸರು, ಅವನ ಹೆಸರು, ಎಷ್ಟು ಕೊಡಬೇಕು, ಯಾಕೆ ಕೊಡಬೇಕು, ಲೆಕ್ಕ ಹೇಗೆ ಹಾಕಿದಿರಿ. ಕೇಸು ಹಾಕುವ ಮೊದಲು ಬಾಯಿಬಿಟ್ಟು ದುಡ್ಡು ಕೇಳಿದ್ದೀರಾ ಅಂತಲೂ ಅದರಲ್ಲೇ ಒಂದು ಪ್ರಶ್ನೆಯಿದೆ. ಎಂಥ ಮರ್ಯಾದಸ್ಥ ಪ್ರಶ್ನೆ ಅಲ್ವಾ? ನಮ್ಮವರಲ್ಲಿ ಅರ್ಧ ಜನ ಅದನ್ನೇ ಮಾಡಿರುವುದಿಲ್ಲ. ಮನಸ್ಸಿನಲ್ಲೇ ಮಾಲೀಕನನ್ನು ಬೈದುಕೊಂಡಿರುತ್ತಾರೆ, ವಾಟ್ಸಾಪ್ ಗ್ರೂಪಿನಲ್ಲಿ ಅವನ ಮರ್ಯಾದೆ ತೆಗೆದಿರುತ್ತಾರೆ. ಅವನಿಗೇ ಒಂದು ಸಾಲು ಬರೆದಿರುವುದಿಲ್ಲ.

ಇನ್ನು ಡಿಪಾಸಿಟ್. ಈ ರಾಜ್ಯದ ಸಿವಿಲ್ ಕೋಡ್ 1950.5 ನಮ್ಮಂಥ ಬಾಡಿಗೆದಾರರಿಗೆ ಅಂತಲೇ ಬರೆದ ಹಾಗಿದೆ. ಮನೆ ಬಿಟ್ಟ 21 ದಿನದೊಳಗೆ ದುಡ್ಡು ವಾಪಸ್ ಕೊಡಬೇಕು, ಇಲ್ಲವೇ ಯಾವುದಕ್ಕೆ ಎಷ್ಟು ಹಿಡಿದುಕೊಂಡೆ ಅಂತ ಬಿಡಿಬಿಡಿಯಾಗಿ ಪಟ್ಟಿ ಕೊಡಬೇಕು. ರಿಪೇರಿ, ಕ್ಲೀನಿಂಗ್‌ಗೆ ಅಂತ 125 ಡಾಲರ್‌ಗಿಂತ ಜಾಸ್ತಿ ಹಿಡಿದರೆ ರಸೀದಿಯೂ ಬೇಕು. ನಡೆದಾಡಿ ಸವೆದ ಕಾರ್ಪೆಟ್ಟಿಗೆ ದುಡ್ಡು ಕೇಳುವ ಹಾಗಿಲ್ಲ. 2025ರ ಏಪ್ರಿಲ್‌ನಿಂದ ಮನೆ ಖಾಲಿಯಾದ ಮೇಲೆ, ರಿಪೇರಿಗೆ ಮೊದಲು, ಮಾಲೀಕ ಫೋಟೋ ಕೂಡ ತೆಗೆಯಬೇಕು. ದುರುದ್ದೇಶದಿಂದಲೇ ಹಿಡಿದುಕೊಂಡಿದ್ದಾನೆ ಅಂತ ಜಡ್ಜಿಗೆ ಅನ್ನಿಸಿದರೆ, ಅಸಲಿನ ಜೊತೆಗೆ ಡಿಪಾಸಿಟ್‌ನ ಎರಡರಷ್ಟರವರೆಗೆ ದಂಡ ಹಾಕಬಹುದು. ಇಷ್ಟೆಲ್ಲ ನಿಮ್ಮ ಕಡೆ ಇಟ್ಟುಕೊಂಡು "ಬಿಡಿ ಮಾರಾಯ್ರೆ" ಅಂದರೆ ನನಗೆ ಸಿಟ್ಟು ಬರದೆ ಇನ್ನೇನು ಬರಬೇಕು?

ನಮ್ಮಪ್ಪ ಊರಿನ ಮುನ್ಸಿಫ್ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರು. ಜನ್ಮವಿಡೀ ಬೇರೆಯವರ ಜಗಳದ ನಕಲು ಹೊಡೆದರು. ಮೂರು ಕಾರ್ಬನ್ ಹಾಳೆ ಇಟ್ಟು ಟೈಪ್ ಮಾಡಿದರೆ ಕೊನೆಯ ಪ್ರತಿ ಓದಲು ದೇವರೇ ಬರಬೇಕಿತ್ತು. ಇಷ್ಟಾದರೂ ಮನೆಯಲ್ಲಿ ಅವರು ಹೇಳುತ್ತಿದ್ದದ್ದು ಒಂದೇ ಮಾತು, "ಕೋರ್ಟಿನ ಕಡೆ ತಲೆ ಹಾಕಿ ಮಲಗಬೇಡಿ." ಅಜ್ಜನ ಪಾಲಿನ ದಾವೆಯನ್ನು ಅಪ್ಪ ನೋಡಿದ್ದರು, ನಾನೂ ನೋಡಿದ್ದೇನೆ. ವಾಯಿದೆ ಮೇಲೆ ವಾಯಿದೆ. ದಾವೆ ಹಾಕಿದವರು ಹೋದರು, ವಾರಸುದಾರರು ಬಂದರು, ಅವರೂ ಹೋದರು. ಹಾಗಾಗಿ ಆ ಹಿರಿಯರ ಗಾದೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಅದು ನಮ್ಮೂರಿನ ಪಾಲು ದಾವೆಗೆ ಹುಟ್ಟಿದ ಗಾದೆ. ಅದನ್ನು ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಜೊತೆ ಕಟ್ಟಿಕೊಂಡು ಬಂದು ಇಲ್ಲಿನ ಡಿಪಾಸಿಟ್ ಕೇಸಿಗೆ ಹಚ್ಚುತ್ತೀರಲ್ಲ, ಅದಕ್ಕೆ ನನ್ನ ಸಿಟ್ಟು. ಸ್ಮಾಲ್ ಕ್ಲೇಮ್ಸ್‌ನಲ್ಲಿ ದಾವೆ ಹಾಕಿ 20ರಿಂದ 70 ದಿನದೊಳಗೆ ವಿಚಾರಣೆ ಇಡಬೇಕು ಅಂತ ಕಾನೂನೇ ಹೇಳುತ್ತದೆ. ಮುಂದಕ್ಕೆ ಹೋಗುವುದೂ ಉಂಟು, ಆದರೆ ಮೊಮ್ಮಕ್ಕಳ ಕಾಲಕ್ಕಂತೂ ಅಲ್ಲ.

ಈಗ ನನ್ನ ಒಂದು ಚಟ ಹೇಳಿಬಿಡುತ್ತೇನೆ. ಮನೆಯವರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ರಾತ್ರಿ ನಿದ್ದೆ ಬಾರದಿದ್ದರೆ ನಾನು ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಕೋರ್ಟಿನ ಪೋರ್ಟಲ್ ತೆಗೆದು ಸಿವಿಲ್ ಕೇಸು ನೋಡುತ್ತೇನೆ. ಬೇರೆಯವರು ಸೀರಿಯಲ್ ನೋಡುತ್ತಾರೆ, ನಾನು ಇದು. ಅಡುಗೆಮನೆ ಹೊಸದು ಮಾಡಿಸುವಾಗ ಮೂವರು ಕಾಂಟ್ರಾಕ್ಟರ್‌ಗಳ ಹೆಸರು ಹಾಕಿ ನೋಡಿದ್ದೆ. ಅವರಲ್ಲಿ ತುಂಬ ನಗುನಗುತ್ತಾ ಮಾತಾಡಿದವನ ಮೇಲೇ ಜಾಸ್ತಿ ಕೇಸುಗಳಿದ್ದವು. ಅವನಿಗೆ ಕಾಫಿ ಕೊಟ್ಟು ಕಳಿಸಿದೆ.

ಭಾನುವಾರ ರಾತ್ರಿಯೂ ಅದನ್ನೇ ಮಾಡಿದೆ. ಆ ಮಾಲೀಕನ ಹೆಸರು ಹಾಕಿದೆ. ಬಂತು ನೋಡಿ! ಹಿಂದೆ ಬೇರೆ ಯಾರೋ ಸ್ಮಾಲ್ ಕ್ಲೇಮ್ಸ್ ಹಾಕಿದ್ದಾರೆ, ವಿಚಾರಣೆಗೆ ಮೊದಲೇ ಅವರೇ ವಾಪಸ್ ತೆಗೆದುಕೊಂಡಿದ್ದಾರೆ. ನೋಟಿಸ್ ಕೈಗೆ ಬಿದ್ದ ಕೂಡಲೇ ದುಡ್ಡು ಕೊಟ್ಟಿರಬೇಕು ಅಂತ ನನ್ನ ಊಹೆ. ಅಂದರೆ ಅವನಿಗೆ ಚೆನ್ನಾಗಿ ಗೊತ್ತು, ನೂರರಲ್ಲಿ ತೊಂಬತ್ತು ಜನ "ಬಿಡಿ ಮಾರಾಯ್ರೆ" ಅನ್ನುತ್ತಾರೆ ಅಂತ. ಅವನ ವ್ಯಾಪಾರ ನಡೆಯುವುದೇ ನಮ್ಮ ಸಂಕೋಚದ ಮೇಲೆ.

ರೆಕಾರ್ಡ್ ನೋಡುವ ವಿಷಯ ಬಂತಲ್ಲ, ಅದರಲ್ಲಿ ನನಗೂ ದೂರಿದೆ. ಕ್ಯಾಲಿಫೋರ್ನಿಯಾದಲ್ಲಿ 58 ಕೌಂಟಿ. ಪ್ರತಿ ಕೌಂಟಿಗೆ ಒಂದು ಸುಪೀರಿಯರ್ ಕೋರ್ಟ್, ಒಬ್ಬೊಬ್ಬರದು ಒಂದೊಂದು ವೆಬ್‌ಸೈಟು, ಒಂದೊಂದು ರೂಲು. ಇಲ್ಲಿ ಸಾಂಟಾ ಕ್ಲಾರಾದಲ್ಲಿ ಹುಡುಕಿದ್ದು ಆ ಕಡೆ ಅಲಮೇಡಾದಲ್ಲಿ ಕಾಣುವುದಿಲ್ಲ. ಅಲ್ಲಿಂದ ದಾಖಲೆ ಇಳಿಸಿಕೊಳ್ಳಬೇಕಾದರೆ ಪುಟದ ಲೆಕ್ಕದಲ್ಲಿ ದುಡ್ಡು ಕಟ್ಟಬೇಕು. ಕೌಂಟರಿನಲ್ಲಿ ಜೆರಾಕ್ಸ್ ಕೇಳಿದರೆ ಪುಟಕ್ಕೆ 50 ಸೆಂಟ್. ಕೋರ್ಟಿನ ಮೊಹರು ಬೇಕು ಅಂದರೆ ಅದಕ್ಕೆ ಬೇರೆ 40 ಡಾಲರ್. ದಾವೆ ಹಾಕಲು 30, ಮೊಹರಿಗೆ 40! ಅಪ್ಪ ಇದ್ದಿದ್ದರೆ ನಗುತ್ತಿದ್ದರು.

ಕೇಸುಗಳ ವಿವರ ನೋಡುವ ನಮ್ಮ ದೇಶದ ಇ-ಕೋರ್ಟ್ಸ್ ಸೈಟು ಇದಕ್ಕಿಂತ ವಾಸಿ ಅಂತ ಹೇಳಿದರೆ ಇಲ್ಲಿ ಯಾರೂ ನಂಬುವುದಿಲ್ಲ. ಪ್ರತಿ ಕೇಸಿಗೂ ಇರುವ 16 ಅಕ್ಷರದ ಸಿಎನ್‌ಆರ್ ನಂಬರ್ ಹಾಕಿದರೆ ಬೀದರ್ ಆದರೂ ಒಂದೇ ಸೈಟು, ಚಾಮರಾಜನಗರ ಆದರೂ ಒಂದೇ ಸೈಟು. ಮುಂದಿನ ತಾರೀಖು ಕಾಣುತ್ತದೆ, ಅಪ್‌ಲೋಡ್ ಆದ ಆದೇಶ ಪುಕ್ಕಟೆ ಸಿಗುತ್ತದೆ. ಆದರೆ ಕೇಸಿಗೆ ಸಂಬಂಧವಿಲ್ಲದ ಮೂರನೆಯವರು ದಾವೆಪತ್ರದ ನಕಲು ಕೇಳಿದರೆ, ನಿಮಗ್ಯಾಕೆ ಅನ್ನುವ ಪ್ರಶ್ನೆಗೆ ಅರ್ಜಿ ಬರೆದು ಉತ್ತರ ಕೊಡಬೇಕು. ಇಲ್ಲಿ ಸಾಮಾನ್ಯ ಸಿವಿಲ್ ಕೇಸಿಗೆ ಯಾರೂ ಯಾಕೆ ಅಂತ ಕೇಳುವುದಿಲ್ಲ. ಆ ಹಕ್ಕೂ ಸುಮ್ನೆ ಬಂದದ್ದಲ್ಲ. ವೆಂಚುರಾ ಕೌಂಟಿಯಲ್ಲಿ ಹೊಸ ದಾವೆಗಳನ್ನು ಪತ್ರಕರ್ತರಿಗೆ ತಡ ಮಾಡಿ ತೋರಿಸುತ್ತಾರೆ ಅಂತ ಕೋರ್ಟ್‌ಹೌಸ್ ನ್ಯೂಸ್ ಸರ್ವಿಸ್ ಅನ್ನುವ ಸುದ್ದಿಸಂಸ್ಥೆ 2011ರಲ್ಲಿ ಕೇಸು ಹಾಕಿತು. ಕೊನೆಗೆ 2020ರಲ್ಲಿ ಒಂಬತ್ತನೇ ಸರ್ಕ್ಯೂಟ್ ಅನ್ನುವ ಫೆಡರಲ್ ಮೇಲ್ಮನವಿ ಕೋರ್ಟು, ಹೊಸ ದಾವೆಗಳನ್ನು ಸಕಾಲಕ್ಕೆ ನೋಡುವ ಹಕ್ಕು ಸಂವಿಧಾನದ್ದು ಅಂತ ಹೇಳಿತು. ಯಾರೋ ಒಂಬತ್ತು ವರ್ಷ ಗುದ್ದಾಡಿ ತೆರೆಸಿದ ಬಾಗಿಲು. ನಾವು ಅದರ ಮುಂದೆ ನಿಂತು ಒಳಗೆ ಹೋಗಬಹುದೋ ಬೇಡವೋ ಅಂತ ಗುಸುಗುಸು ಮಾಡುತ್ತಿದ್ದೇವೆ.

ಸರಿ, ನೀವು ಹೇಳಬಹುದು, "ಅಕ್ಕ, ಹಾಗೆ ಯಾರು ಬೇಕಾದರೂ ನೋಡಬಹುದು ಅಂದರೆ ನಮ್ಮ ಹೆಸರೂ ಸಿಗುತ್ತದಲ್ಲ. ಮುಂದೆ ಬಾಡಿಗೆ ಕೊಡುವವನು ನೋಡಿ, ಇವರು ಕೇಸು ಹಾಕುವ ಪೈಕಿ ಅಂದರೆ?" ಮಾತು ನ್ಯಾಯವೇ. ಹೆಸರು ಸಿಗುತ್ತದೆ. ಆದರೆ ಈ ಭಯಕ್ಕೆ ಒಂದಷ್ಟು ತಡೆ ಇಟ್ಟಿದ್ದಾರೆ. ಮನೆ ಖಾಲಿ ಮಾಡಿಸುವ ಕೇಸನ್ನು 60 ದಿನದೊಳಗೆ ಮಾಲೀಕ ಗೆಲ್ಲದಿದ್ದರೆ ಆ ದಾಖಲೆ ಸಾರ್ವಜನಿಕರಿಗೆ ಸಿಗುವುದಿಲ್ಲ. ವಿಚ್ಛೇದನ, ಮಕ್ಕಳ ಸುಪರ್ದಿ ಥರದ ಕೇಸಿನ ಕಾಗದಗಳು ಮನೆಯಲ್ಲಿ ಕೂತವರಿಗೆ ಸಿಗುವುದಿಲ್ಲ, ಕೋರ್ಟಿಗೇ ಹೋಗಿ ನೋಡಬೇಕು. ಉಳಿದದ್ದು ಡಿಪಾಸಿಟ್ ಕೇಳಿದ ಕೇಸು. ಅದನ್ನು ನೋಡಿ ಮನೆ ಕೊಡದವನು ನಿಮ್ಮ ಮುಂದಿನ ಡಿಪಾಸಿಟ್ ಕೂಡ ನುಂಗುವವನೇ. ಅಂಥವನ ಮನೆ ತಪ್ಪಿದ್ದು ಒಳ್ಳೆಯದಲ್ವಾ?

ವೀಸಾ ವಿಷಯ ಇನ್ನೊಂದು ಸಲ ಯಾರಾದರೂ ಎತ್ತಿದರೆ ನಾನು ಬ್ಲಾಕ್ ಮಾಡುತ್ತೇನೆ. ಇದು ಸಿವಿಲ್ ಕೇಸು. ಪೊಲೀಸ್ ಇಲ್ಲ, ಬಂಧನ ಇಲ್ಲ, ಅಪರಾಧ ಇಲ್ಲ. ನಿಮ್ಮ ದುಡ್ಡು ನೀವು ಕೇಳುತ್ತಿದ್ದೀರಿ.

ಇಷ್ಟು ಜೋರಾಗಿ ಬರೆಯುವ ನನಗೂ ಸ್ಯಾನ್ ಹೋಸೆಯ ನಾರ್ತ್ ಫಸ್ಟ್ ಸ್ಟ್ರೀಟಿನಲ್ಲಿ ಆ ಕೋರ್ಟಿನ ದೊಡ್ಡ ಕಂಬಗಳನ್ನು ಕಂಡರೆ ಈಗಲೂ ಹೊಟ್ಟೆಯಲ್ಲಿ ಏನೋ ತಳಮಳ. 1860ರ ದಶಕದ ಹಳೇ ಕಟ್ಟಡ, ಎದುರಿಗೆ ಸೇಂಟ್ ಜೇಮ್ಸ್ ಪಾರ್ಕು. ಒಳಗಿನ ಕ್ಲರ್ಕ್ ನಗುತ್ತಲೇ ಮಾತಾಡುತ್ತಾರೆ. ಆದರೂ ಕೈ ಬೆವರುತ್ತದೆ. ಅಪ್ಪನ ಮಾತು ಅಷ್ಟು ಸುಲಭಕ್ಕೆ ಕಿವಿಯಿಂದ ಹೋಗುವುದಿಲ್ಲ.

ಇದರಲ್ಲಿ ಕಷ್ಟವೇ ಇಲ್ಲ ಅಂತಲ್ಲ. ನೋಟಿಸನ್ನು ನೀವೇ ಹೋಗಿ ಕೊಡುವ ಹಾಗಿಲ್ಲ. ಕೇಸಿಗೆ ಸೇರದ, 18 ತುಂಬಿದ ಯಾರಾದರೂ ಕೊಡಬೇಕು, ಮಾಲೀಕ ಇದೇ ಕೌಂಟಿಯಲ್ಲಿದ್ದರೆ ವಿಚಾರಣೆಗೆ 15 ದಿನ ಮೊದಲು. ನಮ್ಮೂರ ಅಮೀನನ ಕೆಲಸ ಇಲ್ಲಿ ನಿಮ್ಮ ರೂಮ್‌ಮೇಟ್ ಮಾಡಬಹುದು. ದಾವೆ ಹಾಕಿದವರು ಸೋತರೆ ಅಪೀಲಿಲ್ಲ, ಎದುರಿನವರು ಸೋತರೆ ಉಂಟು. ಇದು ಹಾಕುವ ಮೊದಲೇ ಗೊತ್ತಿರಲಿ, ಫೋಟೋ, ಮೆಸೇಜು, ಒಪ್ಪಂದದ ಪ್ರತಿ ಎಲ್ಲ ಜೋಡಿಸಿಕೊಂಡೇ ಹೋಗಿ. ಇನ್ನೊಂದು, ಗೆದ್ದರೂ ದುಡ್ಡನ್ನು ಕೋರ್ಟು ವಸೂಲಿ ಮಾಡಿಕೊಡುವುದಿಲ್ಲ, ನಾವೇ ಬೆನ್ನು ಹತ್ತಬೇಕು. ಆದರೆ ತೀರ್ಪು 10 ವರ್ಷ ಜೀವಂತ ಇರುತ್ತದೆ, ಆಮೇಲೂ ನವೀಕರಿಸಬಹುದು. ಕೌಂಟಿ ರೆಕಾರ್ಡರ್ ಆಫೀಸಿನಲ್ಲಿ ಅದನ್ನು ದಾಖಲಿಸಿದರೆ ಆ ಕೌಂಟಿಯಲ್ಲಿರುವ ಅವನ ಮನೆ, ಜಾಗದ ಮೇಲೆ ಸಾಲದ ಹಾಗೆ ಕೂರುತ್ತದೆ. ಬಾಡಿಗೆಗೆ ಕೊಡಲು ಮನೆ ಇರುವವನಿಗೆ ಇದಕ್ಕಿಂತ ದೊಡ್ಡ ಕಿರಿಕಿರಿ ಬೇಕಾ?

ಇನ್ನು ಇನ್‌ಬಾಕ್ಸಿಗೆ ಬಂದು "ಅಕ್ಕ, ಫಾರಂ ನೀವೇ ತುಂಬಿಕೊಡಿ" ಅನ್ನುವವರಿಗೆ. ನಾನು ಲಾಯರ್ ಅಲ್ಲ, ಟೈಪಿಸ್ಟ್ ಮಗಳು. ಪ್ರತಿ ಕೌಂಟಿಯಲ್ಲೂ ಸ್ಮಾಲ್ ಕ್ಲೇಮ್ಸ್ ಸಲಹೆಗಾರರು ಅಂತ ಇದ್ದಾರೆ. ಪುಕ್ಕಟೆ. ಅವರಿಗೆ ಫೋನ್ ಮಾಡಿ. ನಿಮ್ಮತ್ತೆಯೋ ಮಾವನೋ ಸಾಕ್ಷಿ ಹೇಳಬೇಕು, ಇಂಗ್ಲಿಷ್ ಬಾರದು ಅಂದರೆ ಐಎನ್‌ಟಿ-300 ಫಾರಂ ತುಂಬಿ ಕನ್ನಡ ದುಭಾಷಿ ಬೇಕು ಅಂತ ಮೊದಲೇ ಕೇಳಿ. ಕೇಳಲು ಫೀಸಿಲ್ಲ. ವಿಚಾರಣೆಗೆ ಜೊತೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರು ಅಂದರೆ ಮಾತ್ರ ನಾನು ತಯಾರು. ಅದು ಹೇಗಿದ್ದರೂ ನನಗೆ ಸೀರಿಯಲ್ಲೇ.