ಒಂದು ಅಂಕದ ಪ್ರಶ್ನೆ, ಮೂರು ಜಿಲ್ಲೆಗಳ ಉತ್ತರ

ಸಮಾಜ ವಿಜ್ಞಾನದ ಪ್ರಶ್ನೆಗಳನ್ನು ತೆಗೆಯುವವರು ನಮ್ಮಂಥ ಮನೆಗಳನ್ನು ಕಂಡಿರಲಾರರು. ನಾನು ಕೊಪ್ಪಳದವನು, ಹೆಂಡತಿಯ ತವರು ರಾಯಚೂರು ಜಿಲ್ಲೆಯ ಮಸ್ಕಿ, ಅಕ್ಕನನ್ನು ಕೊಟ್ಟದ್ದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪಕ್ಕೆ. ಹೀಗಾಗಿ ಭಾವನವರು ಬಂದ ದಿನ ಮಗಳು ಪುಸ್ತಕ ತೆರೆದಳೆಂದರೆ ಒಂದು ಅಂಕದ ಪ್ರಶ್ನೆಗೆ ಮೂರು ಜಿಲ್ಲೆಗಳಿಂದ ಉತ್ತರ ಬರುತ್ತದೆ.

ಅಶೋಕನ ಹೆಸರಿರುವ ಶಾಸನ ಯಾವುದೆಂದು ಕೇಳಿದರೆ, ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸದೆಯೇ ನನ್ನ ಹೆಂಡತಿ "ಮಸ್ಕಿ, 1915" ಎಂದು ಅಡುಗೆಮನೆಯಿಂದ ಕೂಗುತ್ತಾಳೆ. ಆ ಬಂಡೆಯನ್ನು ಮಾವನವರೇ ಹುಡುಕಿ ತೆಗೆದರೇನೋ ಎನ್ನುವಂತಿರುತ್ತದೆ ದನಿ. ನಮ್ಮ ಗವಿಮಠದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳಿವೆಯಾದರೂ ಅಲ್ಲಿ ಅವನು ಬರೀ 'ದೇವಾನಾಂಪ್ರಿಯ'ನಾಗಿ ಉಳಿದಿರುವುದರಿಂದ ನಾನು ಬಾಯಿ ತೆರೆಯುವಂತಿಲ್ಲ. ಭಾವನವರು ಮಾತ್ರ ಚಹದ ಬಸಿಯನ್ನು ಕೆಳಗಿಟ್ಟು, ತಮ್ಮ ಜಿಲ್ಲೆಯ ನಿಟ್ಟೂರು, ಉದೇಗೋಳಂ ಶಾಸನಗಳಲ್ಲಿಯೂ ಆ ಹೆಸರಿದೆ ಎಂದು ನೆನಪಿಸುತ್ತಾರೆ. ಅದು ನಿಜವೇ. ಆದರೆ ಗೈಡಿನಲ್ಲಿ ಮಸ್ಕಿಯೊಂದೇ ಇದೆ.

ಸರಕಾರದ ಪಾಠಗಳಲ್ಲಿ ಇಷ್ಟು ತಕರಾರಿಲ್ಲ. ಹಣಕಾಸು ಮಸೂದೆಯನ್ನು ರಾಜ್ಯಸಭೆ 14 ದಿನ ಇಟ್ಟುಕೊಂಡು ಸಲಹೆ ಕೊಡಬಹುದೇ ಹೊರತು ತಡೆಯಲಾಗದು ಎಂಬುದನ್ನು, ಬೇಸಿಗೆಗೆ ಮುನ್ನ ಕೂಲರ್ ಕೊಂಡಾಗ ಮನೆಯಲ್ಲಿ ನನಗಿದ್ದ ಸ್ಥಾನವನ್ನು ನೋಡಿಯೇ ಮಗಳು ತಿಳಿದುಕೊಂಡಳು.

ಕಷ್ಟವಿರುವುದು ಸ್ವಾತಂತ್ರ್ಯದ ದಿನಾಂಕದಲ್ಲಿ. ದೇಶಕ್ಕೆ ಅದು ಬಂದದ್ದು 1947ರ ಆಗಸ್ಟ್ 15ರಂದು. ನಿಜಾಮನ ಆಳ್ವಿಕೆಯಲ್ಲಿದ್ದ ಕೊಪ್ಪಳ, ರಾಯಚೂರುಗಳು ಬಿಡುಗಡೆಯಾದದ್ದು ಪೊಲೀಸ್ ಕಾರ್ಯಾಚರಣೆಯ ನಂತರ, 1948ರ ಸೆಪ್ಟೆಂಬರ್ 17ರಂದು. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದುದರಿಂದ ಭಾವನವರ ಊರಿಗೆ ಹದಿಮೂರು ತಿಂಗಳ ಹಿರಿತನ. ಅಷ್ಟಕ್ಕೇ ಬಿಡದೆ, ತಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು, ನೀವು ಬಂದದ್ದು 1956ರಲ್ಲಿ ಎಂದು ಅವರು ಎರಡನೆಯ ಲೆಕ್ಕವನ್ನೂ ತೆಗೆದರು.

"ಅಣ್ಣಾರ, ಅಷ್ಟು ಮೊದಲ ಬಂದವರು 371(ಜೆ) ಪಂಗತಿಯೊಳಗ ನಮ್ಮ ಬಾಜೂಕ ಯಾಕ ಕುಂತೀರಿ?" ಎಂದು ನನ್ನ ಹೆಂಡತಿ ಕೇಳಿದಳು. ಹೈದರಾಬಾದ್ ಸಂಸ್ಥಾನದಲ್ಲಿಲ್ಲದ ಬಳ್ಳಾರಿಯೂ ಸಂವಿಧಾನದ ಆ ವಿಧಿಯಿಂದ ಮೀಸಲಾತಿಯ ವಿಶೇಷ ಸ್ಥಾನಮಾನ ಪಡೆದ ಜಿಲ್ಲೆಗಳಲ್ಲಿ ಸೇರಿರುವುದು ಸತ್ಯವಾದ್ದರಿಂದ ಪ್ರಶ್ನೆ ನ್ಯಾಯವಾಗಿಯೇ ಇತ್ತು. ಭಾವನವರು ಸೋಲಲಿಲ್ಲ, ನಿಜಾಮನು ಬಳ್ಳಾರಿಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟದ್ದೇ 1800ರಲ್ಲಿ, ಅದಕ್ಕೂ ಮೊದಲು ನಾವೂ ನಿಮ್ಮವರೇ ಎಂದರು. ಹಿರಿತನಕ್ಕೆ 1947, ಮೀಸಲಾತಿಗೆ 1800!

ಮಗಳು ಇಷ್ಟರಲ್ಲಿ ಗೈಡ್ ನೋಡಿ 1947 ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗಿದ್ದಳು: ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ರಾಯಚೂರು ದೋಆಬಿಗಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ಏಕೆ ಕಾದಾಡುತ್ತಿದ್ದರು, ಕಾರಣ ಕೊಡಿ. ಮಸ್ಕಿಯೂ ಕೊಪ್ಪಳವೂ ಹೊಳೆಯ ಈಚೆ, ಸಿರುಗುಪ್ಪ ಆಚೆ. ಭಾವನವರು "1520ರೊಳಗ ಕೃಷ್ಣದೇವರಾಯ..." ಎಂದು ಶುರುಮಾಡುತ್ತಿದ್ದಂತೆಯೇ ನನ್ನ ಹೆಂಡತಿ ಒಲೆ ಆರಿಸಿ ಹೊರಗೆ ಬಂದಳು.